ಹುಣಸೆ ಬೀಜ ಹಾಕಿಸಿ ವಾರ್ಡ್ ಸಭೆ ನಡೆಸಿದ ನನ್ನ ಅನುಭವ

ವಾರ್ಡ್ ಸಭೆಯಲ್ಲಿ ‘ಏನು ಬೇಕು’ ಎಂದು ಕೇಳುವುದನ್ನು ಬಿಟ್ಟು ‘ಇರುವ ಹಣ ಇಷ್ಟು, ಯಾವುದಕ್ಕೆ ಹಾಕೋಣ’ ಎಂದು ಕೇಳೋಣವೆಂದಾಗ, ತಿಪಟೂರು ಸೀಮೆಯ ನಮ್ಮ ಗ್ರಾಮ ಪಂಚಾಯತಿಯ ಹಿರಿಯ ಸದಸ್ಯರು ನಕ್ಕಿದ್ದರು. ಮೊತ್ತ ಬಾಯಿಬಿಟ್ಟರೆ ಜಗಳ ಖಚಿತ ಎಂಬುದು ಅವರ ವಾದ. ಈಗ ಅವರೇ ತಮ್ಮ ವಾರ್ಡಿಗೂ ಬಂದು ನಡೆಸಿಕೊಡಿ ಎನ್ನುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಕ್ರಮದಲ್ಲಿ ಬೇಡಿಕೆಗಳನ್ನೆಲ್ಲ ಕೂಡಿದರೆ ಎಪ್ಪತ್ತು ಎಂಬತ್ತು ಲಕ್ಷವಾಗುತ್ತಿತ್ತು. ವಾರ್ಡಿನ ಪಾಲಿಗೆ ಬರುತ್ತಿದ್ದುದು ಐದು ಲಕ್ಷದ ಆಸುಪಾಸು. ಅದರಲ್ಲೂ ಕೇಂದ್ರದಿಂದ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದ ಶೇ. 60 ಭಾಗ 2021-22ರಿಂದ 2025-26ರವರೆಗೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಇದನ್ನು ಯಾರೂ ಬಿಡಿಸಿ ಹೇಳದ ಕಾರಣ, ರಸ್ತೆ ಕೇಳಿದವರಿಗೆ ನೀರಿನ ಪೈಪು ಬಂದಾಗ ಹಣ ನುಂಗಿದರೆಂಬ ಮಾತು ಹುಟ್ಟುತ್ತಿತ್ತು.

ಮೊದಲು ಕೈ ಎತ್ತಿಸಿ ನೋಡಿದೆವು. ದೊಡ್ಡ ತೋಟದವರ ಕೈ ಎತ್ತ ಹೋಯಿತೋ ಉಳಿದವರ ಕೈಯೂ ಅತ್ತಲೇ ಹೋಯಿತು. ಚೀಟಿ ಬರೆಸಿದಾಗ ಬರೆಯಲು ಬಾರದವರು ಹಿಂದಿನಿಂದ ಎದ್ದು ಹೋದರು. ಶಾಮಿಯಾನ, ಉಪ್ಪಿಟ್ಟು, ಟೀ ಸೇರಿ ಪ್ರತಿ ಸಭೆಗೆ ಮೂರು ನಾಲ್ಕು ಸಾವಿರ ಹೋಗುತ್ತಿತ್ತು. ಅದರಲ್ಲಿ ಒಂದಷ್ಟು ನನ್ನ ಜೇಬಿನದೇ.

ಕೊನೆಗೆ ಗೆದ್ದದ್ದು ಬೀಜ. ಬಂದವರಿಗೆಲ್ಲ ಆರು ಹುಣಸೆ ಬೀಜ, ನಾಲ್ಕು ಹೊಂಗೆ ಬೀಜ ಕೊಟ್ಟೆವು: ಹುಣಸೆಯದು ನೀರು-ನೈರ್ಮಲ್ಯಕ್ಕೇ ಮೀಸಲಾದ ನಿರ್ಬಂಧಿತ ಹಣ, ಹೊಂಗೆಯದು ಊರಿನ ಬೇರೆ ಕೆಲಸಗಳಿಗೂ ಬಳಸಬಹುದಾದ ಮುಕ್ತ ಹಣ. ಕಾಮಗಾರಿಯ ಚಿತ್ರ ಮತ್ತು ಅಂದಾಜು ವೆಚ್ಚ ಅಂಟಿಸಿದ ಬಕೆಟ್ಟುಗಳನ್ನು ಶಾಲೆಯ ಕೋಣೆಯೊಳಗೆ ಇಟ್ಟು, ಒಬ್ಬೊಬ್ಬರನ್ನೇ ಒಳಗೆ ಕಳುಹಿಸಿದೆವು. ಶೇ. 60-40ರ ಲೆಕ್ಕವನ್ನು ಭಾಷಣವಿಲ್ಲದೆ ಎಲ್ಲರೂ ಅಂಗೈಯಲ್ಲೇ ಕಂಡರು. ಸಭೆಗೆ ಮುಂಚೆಯೇ ಇಂಜಿನಿಯರರಿಂದ ಅಂದಾಜು ಪಟ್ಟಿ ತರಿಸಿಕೊಳ್ಳುವುದೇ ಇದರಲ್ಲಿ ಕಷ್ಟದ ಕೆಲಸ. ನಾನು ತರಿಸಿದ ದಾರಿಯನ್ನು ಇಲ್ಲಿ ಬರೆಯಲಾರೆ, ಎದುರು ಸಿಕ್ಕಾಗ ಕೇಳಿ. ಕೊಬ್ಬರಿ ಹರಾಜಿನ ದಿನ ಮಾತ್ರ ಸಭೆ ಇಡಬೇಡಿ.

ಎಣಿಕೆಯ ಬದಲು ತೂಕ ಮಾಡಿದರೆ ಬೇಗ ಮುಗಿದೀತೆಂದು ಅಂಗಡಿಯ ತಕ್ಕಡಿ ತಂದು ನೋಡಿದೆ. ಬೀಜಗಳ ಗಾತ್ರ ಒಂದೇ ಸಮ ಇರದ ಕಾರಣ ಲೆಕ್ಕ ಹೊಂದಲಿಲ್ಲ. ಇನ್ನೊಮ್ಮೆ ವಾಟ್ಸಾಪಿನಲ್ಲಿ ಮತ ಕೇಳಿದಾಗ ಬೆಂಗಳೂರಿನಲ್ಲಿ ನೆಲೆಸಿದ ಹುಡುಗರೇ ಹೆಚ್ಚಾಗಿ ಉತ್ತರಿಸಿ, ಊರ ಬಾಗಿಲಿಗೆ ಕಮಾನು ಬೇಕೆಂದರು. ಇತ್ತ ಸ್ತ್ರೀಶಕ್ತಿ ಸಂಘದವರನ್ನು ಮೊದಲ ಸರದಿಗೆ ಬಿಟ್ಟಾಗ ಅವರ ಹೊಂಗೆ ಬೀಜ ಬಿದ್ದದ್ದು ಅಂಗನವಾಡಿಯ ಸೋರುವ ಚಾವಣಿಗೆ, ಬೀದಿದೀಪಕ್ಕೆ. ಗಂಡಸರೆಲ್ಲ ಗೆಲ್ಲುತ್ತದೆಂದುಕೊಂಡಿದ್ದ ಸಿಮೆಂಟು ರಸ್ತೆ ಮೂರನೆಯ ಸ್ಥಾನಕ್ಕೆ ಇಳಿಯಿತು.

ಎಣಿಕೆ ಮುಗಿದ ಕೂಡಲೇ, ಜನ ಎದ್ದು ಹೋಗುವ ಮೊದಲೇ, ಫಲಿತಾಂಶವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಸಭೆಗೆ ನೇಮಕವಾದ ನೋಡಲ್ ಅಧಿಕಾರಿಯ ಸಹಿ ಹಾಕಿಸಬೇಕು. ಇಲ್ಲವಾದರೆ ಗ್ರಾಮಸಭೆ ದಾಟಿ, ಪಂಚಾಯತಿಗಳ ಯೋಜನೆ ದಾಖಲಿಸುವ ಜಾಲತಾಣವಾದ ಇ-ಗ್ರಾಮಸ್ವರಾಜ್‌ಗೆ ಏರುವ ಹೊತ್ತಿಗೆ ಕ್ರಿಯಾಯೋಜನೆಯ ಪಟ್ಟಿಯೇ ಬೇರೆಯಾಗಿರುತ್ತದೆ. ಪರಿಶಿಷ್ಟರಿಗೆ ಮೀಸಲಾದ ಮೊತ್ತವನ್ನೂ ವಿಕಲಚೇತನರ ಶೇ. 5ನ್ನೂ ನಾನು ಬಕೆಟ್ಟಿನ ಲೆಕ್ಕಕ್ಕೆ ತರುವುದಿಲ್ಲ. ಇಡೀ ವಾರ್ಡಿನ ಬೀಜ ಎಣಿಸಿದರೆ ಇಪ್ಪತ್ತು ಮನೆಯ ಪರಿಶಿಷ್ಟರ ಕಾಲೊನಿ ಎಂದೂ ಗೆಲ್ಲುವುದಿಲ್ಲವಾದ್ದರಿಂದ, ಆ ಹಣದ ಮಾತನ್ನು ಕಾಲೊನಿಯಲ್ಲಿಯೇ ಕುಳಿತು ಮುಗಿಸಿಕೊಂಡು ಸಭೆಗೆ ಬರುತ್ತೇವೆ.