ಮೊದಲ ಎಳೆತದ ಎರಡು ಎಂಎಲ್

ಮಕ್ಕಳ ಬೋನ್ ಮ್ಯಾರೋ, ಅಂದರೆ ಮೂಳೆಯೊಳಗಿನ ಮಜ್ಜೆ, ತೆಗೆಯುವ ದಿನ ನಾನು ಲ್ಯಾಬ್‌ನಲ್ಲಿ ಕೂತು ಕಾಯುವುದಿಲ್ಲ. ನೇರಳೆ ಮುಚ್ಚಳದ ಟ್ಯೂಬ್ ಹಿಡಿದು ನಾನೇ ಪ್ರೊಸೀಜರ್ ರೂಮಿಗೆ ಹೋಗುತ್ತೇನೆ. ಮಗುವಿಗೆ ಮಂಪರು ಕೊಟ್ಟು, ಸೊಂಟದ ಮೂಳೆಗೆ ಸೂಜಿ ಇಳಿಸಿ, ಸಿರಿಂಜ್ ಎಳೆದಾಗ ಬರುವ ಮೊದಲ ಎರಡು ಎಂಎಲ್ ನನಗೆ ಬೇಕು. ಈ ಅಭ್ಯಾಸ ಶುರುವಾಗಿದ್ದು ಒಬ್ಬ ಹುಡುಗನಿಂದ.

ನನ್ನ ಕೆಲಸ ಫ್ಲೋ ಸೈಟೋಮೆಟ್ರಿ, ಅಂದರೆ ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಗುರುತಿಸುವ ಟೆಸ್ಟ್. ಬ್ಲಡ್ ಕ್ಯಾನ್ಸರ್ ಆದ ಮಕ್ಕಳಲ್ಲಿ, ಅದರಲ್ಲೂ ಎಎಲ್‌ಎಲ್ ಅನ್ನುವ, ಎಳೆ ಬಿಳಿ ರಕ್ತಕಣಗಳ ಕ್ಯಾನ್ಸರ್ ಇರುವವರಲ್ಲಿ, ಚಿಕಿತ್ಸೆ ಆದ ಮೇಲೂ ಉಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕುವುದು. ಹೀಗೆ ಉಳಿದ ಕಾಯಿಲೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಎಂಆರ್‌ಡಿ ಅಂತಾರೆ. ಹೆಚ್ಚಿನ ಮಕ್ಕಳಿಗೆ ಎಎಲ್‌ಎಲ್ ಕೀಮೋದಲ್ಲೇ ವಾಸಿಯಾಗುತ್ತದೆ. ಕಾಯಿಲೆ ಮರಳಿ ಬಂದವರಿಗೆ, ಇಲ್ಲವೇ ಕೀಮೋಗೆ ಬಗ್ಗದವರಿಗೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಬೇಕಾಗುತ್ತದೆ. ಅಣ್ಣನದೋ ತಂಗಿಯದೋ ಅಪ್ಪನದೋ ಸ್ಟೆಮ್ ಸೆಲ್ ಕೊಡುತ್ತಾರೆ. ಅದಕ್ಕೆ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು: ಒಳಗೆ ಇನ್ನೂ ಎಷ್ಟು ಉಳಿದಿದೆ?

ಮೈಕ್ರೋಸ್ಕೋಪ್‌ನಲ್ಲಿ ಬ್ಲಾಸ್ಟ್, ಅಂದರೆ ಬಲಿಯದ ಎಳೆ ಕೋಶ, ನೂರಕ್ಕೆ ಐದಕ್ಕಿಂತ ಕಡಿಮೆ ಕಂಡರೆ ರೆಮಿಷನ್, ಕಾಯಿಲೆ ಹಿಡಿತಕ್ಕೆ ಬಂದಿದೆ, ಅನ್ನುತ್ತಾರೆ. ಆ ಹೊತ್ತಿಗೂ ಮಗುವಿನ ಮೈಯಲ್ಲಿ ಸಾವಿರ ಕೋಟಿಯಷ್ಟು ಕ್ಯಾನ್ಸರ್ ಕೋಶಗಳು ಇರಬಹುದು. ಕಣ್ಣಿಗೆ ಕಾಣದ ಆ ಭಾಗವೇ ಮುಂದಿನದನ್ನು ತೀರ್ಮಾನಿಸುತ್ತದೆ. 1998ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು ಟ್ರಾನ್ಸ್‌ಪ್ಲಾಂಟ್ ಆದ 64 ಎಎಲ್‌ಎಲ್ ಮಕ್ಕಳ ಲೆಕ್ಕ ಪ್ರಕಟಿಸಿದರು. ಟ್ರಾನ್ಸ್‌ಪ್ಲಾಂಟ್‌ಗೆ ಮುಂಚೆ ಎಂಆರ್‌ಡಿ ಕಾಣದ ಮಕ್ಕಳಲ್ಲಿ ಎರಡು ವರ್ಷದ ಹೊತ್ತಿಗೆ ಶೇ. 73ರಷ್ಟು ಮಂದಿ ಕಾಯಿಲೆ ಮರಳದೆ ಚೆನ್ನಾಗಿದ್ದರು. ಸ್ವಲ್ಪ ಇದ್ದವರಲ್ಲಿ ಶೇ. 36. ಜಾಸ್ತಿ ಇದ್ದವರಲ್ಲಿ ಸೊನ್ನೆ. ಈಗ ಚಿಕಿತ್ಸೆ ತುಂಬ ಸುಧಾರಿಸಿದೆ. ಆದರೂ ಆ ಮೂರು ಅಂಕಿಗಳನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಟ್ರಾನ್ಸ್‌ಪ್ಲಾಂಟ್‌ಗೆ ಮೂರು ವಾರ ಇತ್ತು. ಸ್ಯಾಂಪಲ್ ಬಂತು. ಎಂದಿನಂತೆ ಕೆಂಪು ರಕ್ತಕಣಗಳನ್ನು ಒಡೆದು, ತೊಳೆದು, ಬಣ್ಣ ಕಟ್ಟಿದ ಆ್ಯಂಟಿಬಾಡಿಗಳನ್ನು ಹಾಕಿ, ಕತ್ತಲಲ್ಲಿಟ್ಟು, ಮಿಷನ್‌ಗೆ ಕೊಟ್ಟೆವು. ಕೋಶಗಳು ಒಂದೊಂದಾಗಿ ಲೇಸರ್ ಮುಂದೆ ಹಾದುಹೋಗುತ್ತವೆ. ಪ್ರತಿ ಕೋಶಕ್ಕೂ ಪರದೆ ಮೇಲೆ ಒಂದು ಚುಕ್ಕೆ. ಹತ್ತು ಲಕ್ಷ ಚುಕ್ಕೆ ನೋಡಿದೆ, ಕ್ಯಾನ್ಸರ್ ಗುಂಪು ಇರಲಿಲ್ಲ. ನೆಗೆಟಿವ್ ಅಂತ ಬರೆಯಲು ಕೈ ಹಾಕಿದೆ. ಆಗ ಏನೋ ಸರಿಯಿಲ್ಲ ಅನಿಸಿತು. ಮ್ಯಾರೋದಲ್ಲಿ ಇರಲೇಬೇಕಾದ ಮಾಸ್ಟ್ ಸೆಲ್‌ಗಳು ಇರಲಿಲ್ಲ. ನ್ಯೂಕ್ಲಿಯಸ್ ಇರುವ ಎಳೆ ಕೆಂಪು ಕಣಗಳೂ ಇಲ್ಲವೇ ಇಲ್ಲ ಅನ್ನುವಷ್ಟು. ನನ್ನ ಮುಂದೆ ಇದ್ದದ್ದು ಮ್ಯಾರೋ ಅಲ್ಲ, ಮುಕ್ಕಾಲು ಪಾಲು ಬರೀ ರಕ್ತ.

ವಾರ್ಡ್‌ಗೆ ಫೋನ್ ಮಾಡಿದೆ. ಬೇರೆ ಬೇರೆ ಟೆಸ್ಟ್‌ಗಳಿಗೆ ಎಳೆದೆಳೆದು ಕೊನೆಗೆ ಬಂದ ನಾಲ್ಕನೇ ಸಿರಿಂಜ್ ನಮ್ಮ ಟ್ಯೂಬ್‌ಗೆ ಹೋಗಿತ್ತು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಳೆದರೆ ಸುತ್ತಲಿನ ರಕ್ತ ನುಗ್ಗುತ್ತದೆ. ಸಾರಿಗೆ ನೀರು ಬೆರೆಸಿದ ಹಾಗೆ. ಆಗ ಇರುವ ಕಾಯಿಲೆಯೂ ಇಲ್ಲದಂತೆ ಕಾಣುತ್ತದೆ. ಮಗುವಿಗೆ ಎರಡನೇ ಸಲ ಸೂಜಿ ಹಾಕಿಸಬೇಕು ಅಂತ ಕೇಳುವುದು ಸುಲಭವಲ್ಲ. ಕೇಳಿದೆ. ಹೊಸ ಸ್ಯಾಂಪಲ್‌ನಲ್ಲಿ ಶೇ. 0.06 ಸಿಕ್ಕಿತು. ಅಂದರೆ ಹತ್ತು ಸಾವಿರಕ್ಕೆ ಆರು ಕೋಶ. ಟ್ರಾನ್ಸ್‌ಪ್ಲಾಂಟ್ ಮುಂದಕ್ಕೆ ಹಾಕಿ, ಮೊದಲು ಅದನ್ನು ಇಳಿಸುವ ಚಿಕಿತ್ಸೆ ಕೊಟ್ಟರು.

ಅಂದಿನಿಂದ ನಮ್ಮಲ್ಲಿ ಒಪ್ಪಂದ ಆಗಿದೆ. ಮೊದಲ ಎಳೆತದಲ್ಲಿ ಸ್ಲೈಡ್‌ಗೆ ಒಂದೆರಡು ಹನಿ, ಉಳಿದದ್ದು ಎಂಆರ್‌ಡಿಗೆ. ಮಿಕ್ಕ ಟೆಸ್ಟ್‌ಗಳು ಆಮೇಲೆ. ರಿಪೋರ್ಟಿನಲ್ಲಿ ಎಷ್ಟು ಕೋಶ ನೋಡಿದೆವು, ರಕ್ತ ಬೆರೆತಿದೆಯೇ ಇಲ್ಲವೇ, ಎರಡನ್ನೂ ಬರೆಯುತ್ತೇವೆ. ಐದು ಲಕ್ಷ ಕೋಶ ನೋಡಿದರೆ ಶೇ. 0.01 ಅಂದರೆ 50 ಚುಕ್ಕೆ. ಐವತ್ತು ಸೇರಿದರೆ ಗುಂಪು ಅಂತ ಧೈರ್ಯವಾಗಿ ಹೇಳಬಹುದು. ಐವತ್ತು ಸಾವಿರ ಮಾತ್ರ ನೋಡಿದರೆ ಬರೀ ಐದು ಚುಕ್ಕೆ, ಅದನ್ನು ನಂಬುವುದು ಹೇಗೆ?

ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ತೊಂದರೆ ಉಲ್ಟಾ, ಇಲ್ಲದ ಕಾಯಿಲೆ ಇದ್ದಂತೆ ಕಾಣಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗಿಯ ಮೂರನೇ ತಿಂಗಳ ಸ್ಯಾಂಪಲ್ ನೋಡುತ್ತಿದ್ದೆ. ಕೋಶಗಳ ಮೈಮೇಲಿನ ಗುರುತುಗಳಿಗೆ ನಾವು ಸಿಡಿ ನಂಬರ್ ಹೇಳುತ್ತೇವೆ. ಎಳೆ ಬಿ ಕೋಶದ ಗುರುತುಗಳಾದ ಸಿಡಿ19 ಇತ್ತು, ಸಿಡಿ10 ಇತ್ತು, ಕೆಲವಕ್ಕೆ ಸಿಡಿ34 ಕೂಡ. ಸುಮಾರು ಶೇ. 1ರಷ್ಟು. ನನ್ನ ಎದೆ ಧಸಕ್ಕೆಂದಿತು. ಪಾಸಿಟಿವ್ ಅಂತ ಟೈಪ್ ಮಾಡಿ ಸೀನಿಯರ್ ಹತ್ತಿರ ಓಡಿದೆ. ಅವರು ಅದನ್ನು ನೋಡಲೇ ಇಲ್ಲ. "ಮೊದಲು ಕಾಯಿಲೆ ಪತ್ತೆಯಾದಾಗಿನ ಹಳೇ ಪ್ಲಾಟ್ ತೆಗಿಯಮ್ಮ" ಅಂದರು.

ಹಳೆಯ, ಹೊಸ ಎರಡೂ ಚುಕ್ಕೆ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟೆವು. ಹಳೆಯದರಲ್ಲಿ ಸಿಡಿ38 ತೀರಾ ಕಡಿಮೆ, ಸಿಡಿ58 ಜಾಸ್ತಿ, ಚುಕ್ಕೆಗಳೆಲ್ಲ ಒಂದೇ ಕಡೆ ಮುದ್ದೆಯಾಗಿ ಕೂತಿದ್ದವು. ಹೊಸದರಲ್ಲಿ ಸಿಡಿ38 ಹೊಳೆಯುತ್ತಿತ್ತು. ಚುಕ್ಕೆಗಳು ಮುದ್ದೆಯಾಗಿರಲಿಲ್ಲ, ಬಾಲದ ಹಾಗೆ ಬಾಗಿ ಹರಡಿದ್ದವು. ಎಳೆಯವು ಒಂದು ತುದಿಯಲ್ಲಿ, ಸಿಡಿ20 ಬಂದ ಬಲಿತವು ಇನ್ನೊಂದು ತುದಿಯಲ್ಲಿ. ಅವು ಹಿಮಟೋಗೋನ್‌ಗಳು, ಹೊಸ ಮ್ಯಾರೋ ಚಿಗುರುವಾಗ ಹುಟ್ಟುವ ಎಳೆ ಬಿ ಕೋಶಗಳು. ಕೋಶಗಳು ಡೋನರ್‌ನವೋ ಮಗುವಿನವೋ ಅಂತ ಹೇಳುವ ಕೈಮರಿಸಂ ಟೆಸ್ಟ್‌ನಲ್ಲೂ ಎಲ್ಲವೂ ಡೋನರ್‌ನದೇ ಅಂತ ಬಂತು. ಅಣ್ಣ ಕೊಟ್ಟ ಮ್ಯಾರೋ ತಂಗಿಯ ಮೂಳೆಯಲ್ಲಿ ಬೇರು ಬಿಡುತ್ತಿತ್ತು. ಅದನ್ನೇ ನಾನು ಕ್ಯಾನ್ಸರ್ ಅಂತ ಬರೆದುಬಿಡುತ್ತಿದ್ದೆ. ಕೈಮರಿಸಂ ಒಂದನ್ನೇ ನಂಬುವಂತೆಯೂ ಇಲ್ಲ. ಮಾಮೂಲಿ ವಿಧಾನದಲ್ಲಿ ಮಗುವಿನ ಹಳೇ ಕೋಶಗಳು ನೂರಕ್ಕೆ ಒಂದಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಸರಿಯಾಗಿ ಸಿಗುವುದಿಲ್ಲ.

ಈಚೆಗೆ ಇನ್ನೊಂದು ಕಷ್ಟ ಸೇರಿದೆ. ಬ್ಲಿನಾಟುಮೊಮಾಬ್ ಅನ್ನುವ ಔಷಧಿ ಸಿಡಿ19 ಇರುವ ಕೋಶಗಳನ್ನು ಹುಡುಕಿ ಕೊಲ್ಲಿಸುತ್ತದೆ. ಎಂಆರ್‌ಡಿ ಉಳಿದವರಿಗೂ ಕೊಡಬಹುದು ಅಂತ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಒಳ್ಳೆಯ ಔಷಧಿ. ಆದರೆ ಕೆಲವು ಕ್ಯಾನ್ಸರ್ ಕೋಶಗಳು ಸಿಡಿ19 ಕಳಚಿಟ್ಟು ತಪ್ಪಿಸಿಕೊಳ್ಳುತ್ತವೆ. ನಾವು ಸಿಡಿ19 ಹಿಡಿದೇ ಹುಡುಕಿದರೆ ಅವು ಸಿಗುವುದೇ ಇಲ್ಲ. ಹಾಗಾಗಿ ಸಿಡಿ22, ಸಿಡಿ24 ಹಾಕಿ ಬೇರೆ ದಾರಿಯಲ್ಲಿ ಹೋಗುತ್ತೇವೆ. ಸ್ಯಾಂಪಲ್ ಕಳಿಸುವವರು ಮಗುವಿಗೆ ಯಾವ ಔಷಧಿ ಕೊಟ್ಟಿದ್ದಾರೆ ಅಂತ ಫಾರ್ಮ್‌ನಲ್ಲಿ ಬರೆಯಲೇಬೇಕು. ಎಷ್ಟೋ ಸಲ ಆ ಜಾಗ ಖಾಲಿ ಇರುತ್ತದೆ. ನಾನು ಫೋನ್ ಮಾಡಿ ಕೇಳುತ್ತೇನೆ, ಬೇಜಾರಾದರೂ ಆಗಲಿ.

ಹೋದ ತಿಂಗಳು ಗದಗ ಕಡೆಯ ಅಪ್ಪ ಒಬ್ಬರು ರಿಪೋರ್ಟ್ ಹಿಡಿದು ಲ್ಯಾಬ್ ಬಾಗಿಲಿಗೇ ಬಂದರು. ಮಗನ ಟ್ರಾನ್ಸ್‌ಪ್ಲಾಂಟ್ ಆಗಿ ಒಂದು ತಿಂಗಳು.

"ಮೇಡಂರ, ಇಲ್ಲ ಅಂತ ಬರದೀರಿ. ಪೂರ್ತಿ ಇಲ್ಲೇನ್ರಿ?"

ಅವರನ್ನು ಒಳಗೆ ಕರೆದು ಪರದೆ ತೋರಿಸಿದೆ. "ನೋಡಿ, ಇವು ಹನ್ನೊಂದು ಲಕ್ಷ ಕೋಶ. ಇದರಲ್ಲಿ ನಿಮ್ಮ ಮಗನ ಹಳೇ ಕಾಯಿಲೆಯ ಗುಂಪು ಸಿಗಲಿಲ್ಲ. ಅದಕ್ಕೇ 'ಕಂಡುಬಂದಿಲ್ಲ' ಅಂತ ಬರೆದಿದ್ದೀನಿ. ಮೈಯಲ್ಲಿ ಎಲ್ಲೂ ಇಲ್ಲ ಅಂತ ಈ ಮಿಷನ್ ಹೇಳೋಕಾಗಲ್ಲ."

ಅವರು ಖಾಲಿ ಇದ್ದ ಆ ಮೂಲೆಯನ್ನೇ ತುಂಬ ಹೊತ್ತು ನೋಡಿದರು.

"ಹಂಗಾರ ಮತ್ತ ಯಾವಾಗ ನೋಡ್ತೀರ್ರಿ?"

"ಅರವತ್ತನೇ ದಿನಕ್ಕೆ."

ಜೇಬಿನಿಂದ ಪೆನ್ ತೆಗೆದು, ಬೆರಳಲ್ಲಿ ದಿನ ಎಣಿಸಿ, ಫೈಲಿನ ಮೇಲೆ ತಾರೀಕು ಬರೆದುಕೊಂಡರು. ನಾನೂ ನನ್ನ ಡೈರಿಯಲ್ಲಿ ಬರೆದಿಟ್ಟೆ.