ಚಿಕ್ಲಿಹೊಳೆಯಲ್ಲಿ ಸೂರ್ಯ ಮುಳುಗಿದ ಮೇಲೆ

"ಬಿಸಿಲಿದ್ದ ದಿನ ಮನೇಲಿ ಮಲಗ್ತಾನೆ, ಮಳೆ ಬಂದ ದಿನ ನೀರಿನ ಹತ್ರ ಓಡ್ತಾನೆ" ಅಂತ ನನ್ನ ನೋಡಿ ನಮ್ಮ ಕ್ಯಾಮೆರಾ ಗೆಳೆಯರು ಎರಡು ವರ್ಷ ನಕ್ಕರು. ಹೋದ ಹಿಂಗಾರಿನ ಫೋಟೋ ನೋಡಿದ ಮೇಲೆ ಅವರೇ ಫೋನ್ ಮಾಡಿ "ಯಾವತ್ತು ಹೋಗೋದು ಮಾರಾಯ?" ಅಂತ ಕೇಳುತ್ತಿದ್ದಾರೆ.

ನೀರಲ್ಲಿ ಬೀಳುವ ಸಂಜೆ ಆಕಾಶದ ಬಿಂಬ ಹಿಡಿಯಲು ಕೊಡಗಿನ ಚಿಕ್ಲಿಹೊಳೆ ಜಲಾಶಯಕ್ಕೆ ಮೊದಲು ನಾನೂ ಜನವರಿಯಲ್ಲೇ ಹೋಗುತ್ತಿದ್ದೆ. ಮೋಡವೇ ಇಲ್ಲದ ಆಕಾಶ. ಸೂರ್ಯ ಮುಳುಗಿದ, ಮುಗೀತು. ಮಡಿಕೇರಿಯಿಂದ ಇಪ್ಪತ್ತೈದು ಸಲವಾದರೂ ಪೆಟ್ರೋಲ್ ಸುಟ್ಟಿರಬೇಕು. ಇಟ್ಟುಕೊಳ್ಳುವಂಥ ಫೋಟೋ ಎರಡೋ ಮೂರೋ. ಅದರ ಮೇಲೆ 2,800 ರೂಪಾಯಿ ಕೊಟ್ಟು ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ತಂದೆ. ನೀರಿನ ಹೊಳಪು ತೆಗೆಯುತ್ತೆ ಅಂದಿದ್ದ ಅಂಗಡಿಯವ. ತೆಗೆಯಿತು, ಜೊತೆಗೆ ನೀರಲ್ಲಿದ್ದ ಮೋಡವನ್ನೂ ತೆಗೆಯಿತು! ಈಗ ಅದು ಡಬ್ಬಿಯಲ್ಲಿದೆ.

ಈಗ ಕಾಯುವುದು ಅಕ್ಟೋಬರ್, ನವೆಂಬರ್‌ನ ಒಂದು ಥರದ ದಿನಕ್ಕೆ. ಮಧ್ಯಾಹ್ನ ಗುಡುಗಿ ಮಳೆ ಹೊಯ್ದು ನಾಲ್ಕೂವರೆಗೆ ನಿಲ್ಲಬೇಕು. ನೆತ್ತಿಯ ಮೇಲೆ ಹತ್ತಿ ಹಿಂಜಿದಂಥ ತೆಳು ಮೋಡ ಉಳಿಯಬೇಕು. ಪಡುವಣದ ಅಂಚಿನಲ್ಲಿ ಒಂದು ಕಿಂಡಿ ಬಿಟ್ಟಿರಬೇಕು. ಕಿಂಡಿ ಇಲ್ಲದಿದ್ದರೆ ಬೂದಿ ಬಣ್ಣವೇ ಗತಿ.

ಅಕ್ಟೋಬರ್ ಮಧ್ಯದಲ್ಲಿ 6.10ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಗುಡ್ಡದ ಹಿಂದೆ ಇನ್ನೂ ಮೊದಲೇ ಮರೆ. ಎಲ್ಲರೂ ಟ್ರೈಪಾಡ್ ಮಡಚುವ ಹೊತ್ತಿಗೆ ನಾನು ಬಿಚ್ಚುತ್ತೇನೆ. ಕೆಳಗಿನ ಮೋಡ ಕಪ್ಪಾಗಿರುತ್ತೆ, ಏಳೆಂಟು ಕಿಲೋಮೀಟರ್ ಮೇಲಿನದಕ್ಕೆ ಬಿಸಿಲು ಇನ್ನೂ ತಾಗುತ್ತಿರುತ್ತದೆ. ಹಳದಿ, ಕಿತ್ತಳೆ, ಆಮೇಲೆ ಕಾಫಿ ಹಣ್ಣಿನ ಕೆಂಪು. ಗಾಳಿಯೂ ಹೆಚ್ಚಾಗಿ ಆಗಲೇ ನಿಲ್ಲುತ್ತದೆ. ಬೆನ್ನ ಹಿಂದೆ, ಮೂಡಣದ ಕಡೆಯೂ ತಿರುಗಿ ನೋಡಿ. ನಾನು ಒಂದು ವರ್ಷ ತಿರುಗಿಯೇ ನೋಡಿರಲಿಲ್ಲ.

ಲೆನ್ಸ್ ನೀರಿನಿಂದ ಒಂದು ಗೇಣು ಮೇಲೆ ಇರಲಿ, ಬಿಂಬ ತುಂಬಿ ಬರುತ್ತದೆ. ಮೊಣಕಾಲು ಕೆಸರಲ್ಲಿ, ಜಿಗಣೆ ಕಾಲಲ್ಲಿ, ಉಪ್ಪು ಜೇಬಲ್ಲಿ. ಬಿಂಬ ಆಕಾಶಕ್ಕಿಂತ ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಅರ್ಧಕ್ಕೆ ಇಳಿದಷ್ಟು, ಕಪ್ಪಾಗುತ್ತೆ, ಅಲ್ವಾ? ಅದಕ್ಕೆ ಇನ್ನೊಂದು ಫಿಲ್ಟರ್ ಅಂತ 4 ಸಾವಿರ ಸುರಿಯಲಿಲ್ಲ. ಆಕಾಶದ ಬೆಳಕಿಗೆ ಒಂದು, ನೀರಿನ ಬೆಳಕಿಗೆ ಒಂದು ಅಂತ ಎರಡು ಎಕ್ಸ್‌ಪೋಷರ್ ತೆಗೆದು ಸೇರಿಸುತ್ತೇನೆ. ಹೇಗೆ ಅನ್ನುವುದು ನನ್ನಲ್ಲೇ ಇರಲಿ. ನೀರು ಅಲುಗದ ಮೂಲೆ ಯಾವುದು ಅಂತಲೂ ಹೇಳಲ್ಲ. ಕತ್ತಲಾಗುವ ಮೊದಲು ಹೊರಡಿ ಅಂತ ಮಾತ್ರ ಹೇಳುತ್ತೇನೆ, ಆ ಕಡೆ ಆನೆ ಓಡಾಡುತ್ತೆ.

ಹೀಗೆ ಹನ್ನೊಂದೋ ಹನ್ನೆರಡೋ ಸಂಜೆ ಹೋದೆ, ಏಳು ಸಿಕ್ಕವು.

ಒಂದು ಸಂಜೆ ಗಾಳಿ ಎಷ್ಟಿದೆ ನೋಡೋಣ ಅಂತ ನೀರಿಗೆ ಸ್ವಲ್ಪ ತೌಡು ಎಸೆದೆ. ತೌಡು ತೇಲುವ ಮೊದಲೇ ಮೀನು ಬಂದು ಬಾಯಿ ಹಾಕಿತು. ನಿಂತ ನೀರೆಲ್ಲ ಕಲಕಿಹೋಯ್ತು. ಬೈದುಕೊಳ್ಳುತ್ತಲೇ ಒಂದು ಕ್ಲಿಕ್ ಮಾಡಿದೆ. ಕೆಂಪು ಮೋಡದ ಮೇಲೆ ಉಂಗುರ, ಪ್ರತಿ ಅಲೆಯ ಒಂದು ಮಗ್ಗುಲು ಕೆಂಪು, ಇನ್ನೊಂದು ನೀಲಿ. ಗೆಳೆಯರು ಫೋನ್ ಮಾಡಿದ್ದು ಆ ಫೋಟೋ ನೋಡಿಯೇ. ತೌಡಿನ ವಿಷಯ ಅವರಿಗೆ ಇನ್ನೂ ಹೇಳಿಲ್ಲ.