ಮಂಗಳೂರು ಹಂಚು ಮೊಂಬಾಸಾಕ್ಕೆ: ಮೂರನೇ ಕಂಟೇನರಿಗೆ ಕೈಹತ್ತಿದ ಕೆಲಸ

ಮೂರನೇ ಸಲ ಒಂಬತ್ತು ಸಾವಿರ ಚಿಲ್ಲರೆ ಹಂಚು ಕಳಿಸಿದೆ. ಒಡೆದದ್ದು ನೂರ ನಲವತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಭಾವನಿಂದ ಹಿಡಿದು ಕ್ಲಿಯರಿಂಗ್ ಏಜೆಂಟ್‌ವರೆಗೆ ಎಲ್ಲರೂ "ಮಣ್ಣು ಕಳಿಸಲಿಕ್ಕೆ ಡಾಲರ್ ಸುಡ್ತೀರಲ್ಲ ಮಾರಾಯ್ರೆ" ಎಂದೇ ಹೇಳಿದ್ದರು.

ಕೆಲಸ ಇದ್ದದ್ದು ಕೀನ್ಯಾದ ಡಿಯಾನಿಯಲ್ಲಿ, ಮೊಂಬಾಸಾದಿಂದ ದಕ್ಷಿಣಕ್ಕೆ ಕಡಲ ತೀರದಲ್ಲಿ. ಅಲ್ಲಿ ಹೆಚ್ಚಿನ ರೆಸಾರ್ಟುಗಳಿಗೆ ಮಕೂಟಿ ಮಾಡು (ಛಾವಣಿ), ಅಂದರೆ ನಮ್ಮ ಮಡಲಿನ ಹಾಗೆ ತೆಂಗಿನ ಗರಿ. ಉಳಿದದ್ದಕ್ಕೆ ಮಬಾಟಿ, ತಗಡಿನ ಶೀಟು. ನಮ್ಮ ಗಿರಾಕಿಯ ಹಳೇ ಮನೆಯದು ಮಾತ್ರ ಹಂಚಿನ ಮಾಡು. ಒಂದು ಹಂಚು ತೆಗೆದು ಮಗುಚಿದರೆ ಅಡಿಯಲ್ಲಿ ಮಂಗಳೂರಿನ ಅಚ್ಚು! ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಪೂರ್ವ ಆಫ್ರಿಕಾಕ್ಕೆ ನಮ್ಮ ಹಂಚು ಹೋಗುತ್ತಿತ್ತು ಅಂತ ಕೇಳಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ. ಗಿರಾಕಿಗೆ ಅದೇ ಹಂಚು ಬೇಕಿತ್ತು. ಹಳೇ ಮನೆಗೆ, ಜೊತೆಗೆ ಹೊಸ ಮೂರು ಕಾಟೇಜಿಗೆ. ನಾನು ಒಪ್ಪಿಕೊಂಡೆ. ರೇಟು ಹೇಳುವಾಗ ಒಡೆಯುವ ಲೆಕ್ಕ ನೂರಕ್ಕೆ ಐದು ಅಂತ ಹಿಡಿದಿದ್ದೆ. ಅದೇ ಮೊದಲ ತಪ್ಪು.

ಮೊದಲ ಕಂಟೇನರ್ 2019ರಲ್ಲಿ. ಮರದ ಪೆಟ್ಟಿಗೆ ಮಾಡಿಸಿ, ಹಂಚನ್ನು ಒಂದರ ಮೇಲೊಂದು ಮಲಗಿಸಿ, ನಡುವೆ ಬೈಹುಲ್ಲು ತುಂಬಿದೆವು. ಪೆಟ್ಟಿಗೆಗೆ ಹೀಟ್ ಟ್ರೀಟ್‌ಮೆಂಟ್ ಮಾಡಿಸಿ ಮರದಲ್ಲಿ ಹುಳ ಇಲ್ಲ ಎಂಬ ಗೋಧಿ ತೆನೆಯ ಸೀಲ್ ಕೂಡ ಹಾಕಿಸಿದ್ದೆ, ಆ ಜಂಬ ಬೇರೆ. ಮರದ ಮೇಲೆ ಅಷ್ಟು ಗಮನ ಇಟ್ಟವನಿಗೆ ಹುಲ್ಲಿನ ನೆನಪೇ ಬರಲಿಲ್ಲ. ಮೊಂಬಾಸಾ ಬಂದರಿನಲ್ಲಿ ಬಾಗಿಲು ತೆರೆದ ಕೂಡಲೇ ಅಧಿಕಾರಿಗಳಿಗೆ ಹುಲ್ಲು ಕಂಡಿತು. ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದರೆ ಹುಲ್ಲಿನಲ್ಲಿ ರೋಗ, ಹುಳ ಇಲ್ಲ ಎಂಬ ಸರಕಾರಿ ಪತ್ರ ಎಲ್ಲಿ ಅಂದರು. ಎಲ್ಲಿಂದ ತರಲಿ? ಹದಿನೆಂಟೋ ಹತ್ತೊಂಬತ್ತೋ ದಿನ ಕಂಟೇನರ್ ಅಲ್ಲೇ ಕೂತಿತು. ಡೆಮರೇಜು, ಡಿಟೆನ್ಷನ್ನು (ಕಂಟೇನರ್ ಬಂದರಿನಲ್ಲಿ ಕೂತದ್ದಕ್ಕೆ, ತಡವಾಗಿ ಮರಳಿಸಿದ್ದಕ್ಕೆ ಕಟ್ಟುವ ದುಡ್ಡು), ಹುಲ್ಲು ಸುಡುವ ಖರ್ಚು ಎಲ್ಲ ಸೇರಿ ಲಕ್ಷದ ಎಂಬತ್ತು ಸಾವಿರದ ಹತ್ತಿರ ಹೋಯಿತು. ಅದರ ಮೇಲೆ ಐದು ಸಾವಿರ ಹಂಚಿನಲ್ಲಿ ಸಾವಿರದ ಒಂಬೈನೂರು ಚೂರು. ಅಡಿಯ ನಾಲ್ಕು ಸಾಲು ಪೂರ್ತಿ ಹೋಗಿತ್ತು. ಭಾವ ಫೋನಿನಲ್ಲಿ ನಗಲಿಲ್ಲ, ಅದು ಇನ್ನೂ ಕಷ್ಟ.

ಇದಾದ ಮೇಲೆ ಒಂದು ದಿನ ಬಂದರಿನ ಧಕ್ಕೆಗೆ ಹೋಗಿದ್ದೆ, ಲಕ್ಷದ್ವೀಪಕ್ಕೆ ಜಲ್ಲಿ, ಸಿಮೆಂಟು ಹೋಗುವ ಮಂಜಿಗಳು (ಮರದ ಸರಕು ಹಡಗುಗಳು) ನಿಲ್ಲುವಲ್ಲಿ. ಅಲ್ಲಿ ಲೋಡಿಂಗ್ ಮಾಡಿ ಮಾಡಿ ಬೆನ್ನು ಬಾಗಿದ ಒಬ್ಬರು ಕಾಕ ಇದ್ದಾರೆ. ಕತೆ ಹೇಳಿದೆ. ಅವರು ಬೀಡಿ ಆರಿಸಿ, "ಮನೆ ಕಟ್ಟುವಾಗ ಅಂಗಳದಲ್ಲಿ ಹಂಚು ಹೇಗೆ ಇಡ್ತೀರಿ?" ಅಂದರು.

"ನಿಲ್ಲಿಸಿ ಇಡ್ತೇವೆ ಕಾಕ."

"ಮತ್ತೆ ಕಡಲಿಗೆ ಹೋಗುವಾಗ ಮಲಗಿಸಿದ್ದು ಎಂತಕ್ಕೆ?"

ಇಪ್ಪತ್ತೆರಡು ವರ್ಷ ಹಂಚಿನ ಮಾಡು ಮಾಡಿದವನಿಗೆ ಬೇಕಿತ್ತಾ ಇದು!

ಎರಡನೇ ಸಲಕ್ಕೆ ಪೆಟ್ಟಿಗೆ ಬಿಟ್ಟೆ. ಹಂಚನ್ನು ನೇರ ಕಂಟೇನರ್ ಒಳಗೆ ಪುಸ್ತಕದ ಹಾಗೆ ನಿಲ್ಲಿಸುವುದು, ಸಾಲಿನ ಮೇಲೆ ಸಾಲು. ನಡುವೆ 6 ಎಂಎಂ ಪ್ಲೈವುಡ್. ಪ್ಲೈವುಡ್‌ಗೆ ಆ ತೆನೆ ಸೀಲ್ ಬೇಡ, ಅದೊಂದು ಲಾಭ. ಕಾಗದದ ಮೇಲೆ ಲೆಕ್ಕ ಬಹಳ ಚಂದ ಬಂತು. ಹಂಚಿನ ಅಗಲ 23.5 ಸೆಂಟಿಮೀಟರ್, ಕಂಟೇನರ್ ಒಳಗಿನ ಅಗಲ 235. ಅಡ್ಡಕ್ಕೆ ಸರಿಯಾಗಿ ಹತ್ತು! ಲೋಡ್ ಮಾಡಲು ಹೋದರೆ ಹತ್ತನೆಯದು ಕೂರುವುದೇ ಇಲ್ಲ. ಸುಟ್ಟ ಮಣ್ಣು ಅಲ್ವಾ, ಒಂದು ಹಂಚು ಎರಡು ಎಂಎಂ ಜಾಸ್ತಿ ಅಗಲ, ಇನ್ನೊಂದು ಸ್ವಲ್ಪ ಸೊಟ್ಟ. ಹುಡುಗರು ಗುದ್ದಿ ಕೂರಿಸಲು ನೋಡಿ ಮೂವತ್ತು ಹಂಚು ಅಲ್ಲೇ ಮುರಿದರು. ಒಂಬತ್ತಕ್ಕೆ ಇಳಿಸಿದೆ. ಆಗ ಒಂದು ಬದಿಯಲ್ಲಿ ಗೇಣುದ್ದ ಜಾಗ ಖಾಲಿ.

ಅದು ಜುಲೈ. ಹಂಚು ಕಾರ್ಖಾನೆಯ ಅಂಗಳದಲ್ಲಿ ಎರಡು ವಾರ ಮಳೆಗೆ ನೆಂದಿತ್ತು. ನಾನು ಒಣ ಹಂಚಿನ ತೂಕ ಹಿಡಿದು ವಿಜಿಎಂ (ತುಂಬಿದ ಕಂಟೇನರಿನ ತೂಕದ ಪತ್ರ) ಕೊಟ್ಟಿದ್ದೆ, ಸುಮಾರು 24 ಟನ್. ಕಾಟಾದಲ್ಲಿ 26ರ ಮೇಲೆ ತೋರಿಸಿತು. ಹಂಚು ನೀರು ಕುಡಿಯುತ್ತದೆ ಎಂಬುದು ಮಾಡಿನ ಕೆಲಸ ಮಾಡುವ ಹುಡುಗನಿಗೂ ಗೊತ್ತು. 2016ರ ಜುಲೈಯಿಂದ ತೂಕದ ಪತ್ರ ಇಲ್ಲದೆ ಹಡಗಿಗೆ ಏರಿಸುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಲಿಲ್ಲ, ಅಷ್ಟೆ. ಕಾಗದ ತಿದ್ದುವಷ್ಟರಲ್ಲಿ ಆ ವಾರದ ಹಡಗು ಹೋಯಿತು. ಅದು 2021, ಕಂಟೇನರ್ ಸಿಗುವುದೇ ಕಷ್ಟವಾಗಿದ್ದ ವರ್ಷ. ಬಾಡಿಗೆ ಮೊದಲ ಸಲದ್ದಕ್ಕಿಂತ ನಾಲ್ಕು ಪಟ್ಟು ಕೊಟ್ಟ ನೆನಪು.

ಒದ್ದೆ ಹಂಚಿನ ಜೊತೆ ಬಾಗಿಲು ಮುಚ್ಚಿದರೆ ಒಳಗೆ ಇನ್ನೊಂದು ಮಳೆಗಾಲ. ಹಂಚಿಗೆ ಏನೂ ಆಗಲಿಲ್ಲ, ಟೂಲ್ಸ್ ಪೆಟ್ಟಿಗೆ ಹಾಳಾಯಿತು. ಎರಡು ಕಟಿಂಗ್ ಮೆಷಿನ್, ಆಚಾರಿಯ ಉಳಿಗಳು ಎಲ್ಲ ಕೆಂಪು ತುಕ್ಕು. ಅದೇ ಪೆಟ್ಟಿಗೆಯಲ್ಲಿ ನಮ್ಮ ಹುಡುಗ ಬ್ಯಾಟರಿ ಡ್ರಿಲ್ ಎರಡು, ಸಂದಿ ತುಂಬುವ ಪಿಯು ಫೋಮ್ ಡಬ್ಬ ನಾಲ್ಕು ಇಟ್ಟಿದ್ದ. ಲಿಥಿಯಂ ಬ್ಯಾಟರಿ, ಸ್ಪ್ರೇ ಡಬ್ಬ ಎರಡೂ ಅಪಾಯದ ಸರಕು, ಬೇರೆ ಡಿಕ್ಲರೇಶನ್ ಬೇಕು. ನನ್ನ ಪುಣ್ಯಕ್ಕೆ ಸೀಲ್ ಹಾಕುವ ಮೊದಲೇ ಕಂಡಿತು, ತೆಗೆದು ಮನೆಗೆ ತಂದೆ. ಈಗ ವಯರಿನ ಮೆಷಿನ್ ಮಾತ್ರ ಕಳಿಸುತ್ತೇನೆ. ಕರೆಂಟು ನಮ್ಮ ಹಾಗೆಯೇ, ಪ್ಲಗ್ ಮಾತ್ರ ಅಲ್ಲಿನದು ಚಪ್ಪಟೆ ಮೂರು ಕಡ್ಡಿ. ಮೊಂಬಾಸಾದಲ್ಲೇ ಬದಲಿಸಿದರೆ ಸಾಕು.

ಒಡೆದದ್ದು ಆ ಸಲ ಏಳುನೂರರ ಹತ್ತಿರ. ನಿಲ್ಲಿಸುವ ವಿಧಾನ ಸರಿ, ಬದಿಯ ಆ ಗೇಣು ಜಾಗ ಮಾತ್ರ ಕೈಕೊಟ್ಟಿತು. ಹಡಗು ಹೊಯ್ದಾಡುವಾಗ ಇಡೀ ಸಾಲು ಆ ಕಡೆಗೆ ಜಾರಿತ್ತು.

ನಡುವೆ ಕೆಲವು ಪ್ರಯೋಗ ಮಾಡಿದೆ. ಥರ್ಮೋಕೋಲ್ ತುಂಡು ಇಟ್ಟೆ, ಭಾರಕ್ಕೆ ಪುಡಿಯಾಯಿತು. ಗಾಳಿ ತುಂಬುವ ಡನೇಜ್ ಬ್ಯಾಗ್ ಚೆನ್ನಾಗಿದೆ, ಆದರೆ ಹಂಚಿನ ಮೂಲೆ ತಾಗಿ ಒಂದು ತೂತಾಯಿತು. ತೆಂಗಿನ ನಾರು ಬೇಡ, ಮತ್ತೆ ಹುಲ್ಲಿನದೇ ಕತೆ. ಕೊಚ್ಚಿಯಿಂದ ಕಳಿಸಿದರೆ ಅಗ್ಗ ಅಂತ ಒಬ್ಬರು ಹೇಳಿದರು. ಲೆಕ್ಕ ಹಾಕಿದೆ. ಬಾಡಿಗೆಯಲ್ಲಿ ನೂರೈವತ್ತು ಡಾಲರ್ ಉಳಿತಾಯ, ಟ್ರೈಲರಿಗೆ ನಲವತ್ತು ಸಾವಿರ ಜಾಸ್ತಿ, ಮೇಲೆ ನಾನೂರು ಕಿಲೋಮೀಟರ್ ಹೊಂಡ. ಬೇಡ ಅಂದೆ. ನಮ್ಮ ಪಣಂಬೂರು ಬಂದರಿನಿಂದಲೇ ಏರಿಸಿ ಕೊಲಂಬೋದಲ್ಲಿ ಹಡಗು ಬದಲಾಗಲಿ. ಮೂವತ್ತೈದು ದಿನ ಹಿಡಿದರೂ ಅಡ್ಡಿಯಿಲ್ಲ.

ಮೂರನೆಯದು 2023ರ ಫೆಬ್ರವರಿ. ಹಂಚು ಒಣಗಿ ಟಣ್ ಅನ್ನುತ್ತಿತ್ತು. ಒಂದೊಂದನ್ನೂ ಬೆರಳಲ್ಲಿ ಬಡಿದು, ಸದ್ದು ಬೊದ್ದಾದದ್ದನ್ನು ಬದಿಗಿಟ್ಟೆ. ಬದಿಯ ಜಾಗಕ್ಕೆ ಏನು ತುಂಬಲಿ ಎಂದು ತಲೆಕೆಡಿಸಿಕೊಂಡವನಿಗೆ ಉತ್ತರ ನಮ್ಮ ಗೋಡೌನಿನಲ್ಲೇ ಬಿದ್ದಿತ್ತು. ಹೇಗೂ ಕಳಿಸಬೇಕಾದ ಸ್ಕ್ಯಾಫೋಲ್ಡಿಂಗ್ ಪೈಪು! ಹಳೇ ಟಾರ್ಪಾಲಿನಲ್ಲಿ ಸುತ್ತಿ ಕಟ್ಟು ಕಟ್ಟಿ ಉದ್ದಕ್ಕೆ ಇಳಿಸಿದೆ. ಹಂಚಿಗೆ ಆಧಾರವಾಯಿತು, ಪೈಪಿಗೆ ಬೇರೆ ಬಾಡಿಗೆ ಇಲ್ಲ. ಬಾಗಿಲ ಬಳಿಯ ಕೊನೆಯ ಸಾಲು ಹೇಗೆ ಬಿಗಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಇನ್ನೂ ಎರಡು ಕಂಟೇನರ್ ಹೋಗಲಿಕ್ಕಿದೆ.

ಹನ್ನೆರಡು ಜನ ಒಂದೂವರೆ ದಿನ ಲೋಡ್ ಮಾಡಿದರು. ಕೂಲಿ ಸುಮಾರು ಹದಿನಾರು ಸಾವಿರ, ಬಂಗುಡೆ ಊಟ ನನ್ನದು. ಪೆಟ್ಟಿಗೆ ಮಾಡಿಸುವ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ.

ಕಾಗದದ ವಿಷಯ ಎರಡೇ ಮಾತು. ಕೀನ್ಯಾಕ್ಕೆ ಪಿವಿಒಸಿ (ಸರಕು ಅಲ್ಲಿನ ಗುಣಮಟ್ಟಕ್ಕೆ ಸರಿ ಇದೆಯಾ ಎಂಬ) ತಪಾಸಣೆ ಇಲ್ಲಿಂದ ಹೊರಡುವ ಮೊದಲೇ ಆಗಬೇಕು, ಹಡಗು ಹೋದ ಮೇಲೆ ಓಡಾಡಿ ಪ್ರಯೋಜನ ಇಲ್ಲ. ಇನ್ನೊಂದು, ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕಿಗೆ ಕೊಡುವ ಸಂಖ್ಯೆ) ನೀವೇ ಓದಿ ನೋಡಿ. ಮಾಡಿನ ಹಂಚಿಗೆ 6905. ನಮ್ಮ ಕಡೆಯವರು ಟೈಲ್ಸ್ ಅಂತ ಕಂಡದ್ದೇ 6907 ಹಾಕಿದ್ದರು, ಅದು ನೆಲ, ಗೋಡೆಯ ಟೈಲ್ಸಿನದು. ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕಿನ ಪತ್ರ) ಡ್ರಾಫ್ಟ್ ನೋಡುವಾಗ ಹಿಡಿದೆ.

ಮೊಂಬಾಸಾದಿಂದ ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ಲಿಕೋನಿ ಫೆರಿ. ಅಷ್ಟು ದೂರ ಹಡಗಿನಲ್ಲಿ ಬಂದ ಹಂಚು ಮತ್ತೆ ಐದು ಹತ್ತು ನಿಮಿಷ ನೀರಿನ ಮೇಲೆ. ಟ್ರೈಲರ್ ಇಳಿಜಾರಿನಲ್ಲಿ ಇಳಿಯುವಾಗ ಒಳಗಿಂದ ಒಂದು 'ಕಟ್' ಸದ್ದು ಬಂತು. ನನಗೆ ಹೊಟ್ಟೆಯಲ್ಲಿ ಇನ್ನೊಂದು ಕಟ್. ಡಿಯಾನಿಯಲ್ಲಿ ಬಾಗಿಲು ತೆರೆದರೆ ಪೈಪಿನ ಕಟ್ಟೊಂದು ಸ್ವಲ್ಪ ಜರುಗಿತ್ತು, ಅಷ್ಟೆ. ಸಾಲುಗಳು ಪಣಂಬೂರಿನಲ್ಲಿ ಇಟ್ಟ ಹಾಗೆಯೇ ನಿಂತಿದ್ದವು. ಫೋಟೋ ತೆಗೆದು ಮೊದಲು ಭಾವನಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಒಡೆದ ನೂರ ನಲವತ್ತನ್ನು ಅಲ್ಲಿನ ಫಂಡಿ, ಅಂದರೆ ಮೇಸ್ತ್ರಿ, ಜಜ್ಜಿ ಬಚ್ಚಲಿನ ನೆಲದಡಿಗೆ ಹಾಕಿದ. ಅದಕ್ಕೂ ಗಿರಾಕಿಗೆ ಬಿಲ್ ಹಾಕೋಣ ಅಂದುಕೊಂಡಿದ್ದೆ, ಆಮೇಲೆ ಬಿಟ್ಟೆ.